ಹೊರಗೆ ಕೂತು ಚಿತ್ರ ಬಿಡಿಸೋಕೆ ನಾಚಿಕೆ ಆಗುತ್ತೆ, ಏನ್ಮಾಡ್ಲಿ?

ಈ ಸಲ ಬಂದಿರೋ ಪತ್ರಗಳಲ್ಲಿ ನಾಲ್ಕು ಹೆಚ್ಚುಕಮ್ಮಿ ಒಂದೇ ವಿಷಯದ್ದು, ನಾಲ್ಕೂ ನಮ್ಮ ದಾವಣಗೆರೆ ಚಿತ್ರದುರ್ಗದ ಕಡೆಯವೇ, ಅದಕ್ಕೆ ಉಳಿದವನ್ನ ಮುಂದಿನ ಸಂಚಿಕೆಗೆ ಇಟ್ಕೊಂಡು ಇವನ್ನೇ ತಗೊಂಡಿದೀನಿ. ಹೆಸರು ಹಾಕ್ಬೇಡಿ ಅಂತ ನಾಲ್ಕೂ ಜನ ಬರೆದಿದಾರೆ, ಹಾಕಿಲ್ಲ.

ಪ್ರಶ್ನೆ: ಮೇಡಂ ನಮಸ್ತೆ. ನನಗೆ 31 ವರ್ಷ, ದಾವಣಗೆರೇಲಿ ಒಂದು ಬಟ್ಟೆ ಅಂಗಡೀಲಿ ಲೆಕ್ಕ ಬರಿಯೋ ಕೆಲಸ. ಚಿಕ್ಕವನಿದ್ದಾಗಿಂದ ಚಿತ್ರ ಬಿಡಿಸೋ ಹುಚ್ಚು, ಆದ್ರೆ ಎಲ್ಲೂ ಕಲ್ತಿಲ್ಲ. ರಾತ್ರಿ ಮನೇಲಿ ಮೊಬೈಲ್ ಫೋಟೋ ನೋಡ್ಕೊಂಡು ಬಿಡಿಸ್ತೀನಿ, ನೋಡ್ದವ್ರು ಚೆನ್ನಾಗಿದೆ ಅಂತಾರೆ. ಹೊರಗೆ ಕೂತು ಬಿಡಿಸ್ಬೇಕು ಅಂತ ಬಹಳ ದಿನದ ಆಸೆ. ಒಂದು ಭಾನುವಾರ ಧೈರ್ಯ ಮಾಡಿ ಜಯದೇವ ಸರ್ಕಲ್‌ಗೆ ಹೋಗಿ ರಸ್ತೆ ಪಕ್ಕ ಕೂತೆ, ನಾಲ್ಕು ಗೀಟು ಎಳೆಯೋದ್ರೊಳಗೆ ಹಿಂದೆ ಇಬ್ರು ಬಂದು ನಿಂತ್ರು, ಒಬ್ರು "ಏನ್ರೀ, ರೋಡ್ ಅಗಲ ಮಾಡ್ತಾರಾ, ಅಳತೆ ತಗೊಳ್ತಿದೀರಾ" ಅಂದ್ರು. ಕೈ ನಡುಗೋಕೆ ಶುರುವಾಯ್ತು, ಉತ್ತರಾನೂ ಕೊಡದೆ ಬುಕ್ ಮುಚ್ಕೊಂಡು ಗಾಡಿ ಹತ್ತಿ ಬಂದ್ಬಿಟ್ಟೆ. ಮೂರು ತಿಂಗಳಾಯ್ತು, ಬುಕ್ ಗಾಡಿ ಡಿಕ್ಕೀಲೇ ಇದೆ. ಇನ್ನೊಂದು ಭಯ ಏನಂದ್ರೆ ಸುಮ್ನೆ ಕೂತು ಜನರನ್ನ ದಿಟ್ಟಿಸಿ ನೋಡ್ತಿದ್ರೆ, ಅದ್ರಲ್ಲೂ ಹೆಂಗಸರು ಇರೋ ಕಡೆ, ತಪ್ಪು ತಿಳ್ಕೋತಾರೆ ಅಂತ. ಪೊಲೀಸ್ನೋರು ಕೇಳಿದ್ರೆ ಪರ್ಮಿಷನ್ ಬೇಕಾಗುತ್ತಾ? ಈ ನಾಚಿಕೆ ಹೆಂಗೆ ಹೋಗುತ್ತೆ?

ಉತ್ತರ: ತಮ್ಮಾ, ಮೊದ್ಲು ಒಂದು ಮಾತು. ಜಯದೇವ ಸರ್ಕಲ್ ಮೊದಲ ದಿನಕ್ಕೆ ಆರಿಸ್ಕೊಳ್ಳೋ ಜಾಗಾನೇ ಅಲ್ಲ. ನಾನು ಹೈಸ್ಕೂಲಲ್ಲಿ ಡ್ರಾಯಿಂಗ್ ಟೀಚರ್ ಆಗಿ ವರ್ಷಗಟ್ಲೆ ಕೆಲಸ ಮಾಡಿದೀನಿ, ಇವತ್ತಿಗೂ ಅಲ್ಲಿ ಕೂತ್ರೆ ನನ್ನ ಕೈನೂ ತಡವರಿಸುತ್ತೆ. ನಾಲ್ಕು ಕಡೆಯಿಂದ ಗಾಡಿ, ಬೆನ್ನ ಹಿಂದೆ ಓಡಾಡೋ ಜನ, ಕಣ್ಣೆದುರು ಒಂದು ಕ್ಷಣ ನಿಲ್ಲೋ ವಸ್ತು ಒಂದೂ ಇಲ್ಲ. ನೀವು ಅಂಜುಬುರುಕ ಅನ್ನೋದಕ್ಕೆ ಅದನ್ನ ಸಾಕ್ಷಿ ಮಾಡ್ಕೋಬೇಡಿ, ಜಾಗ ಕಷ್ಟದ್ದಿತ್ತು ಅಷ್ಟೇ.

ಆಮೇಲೆ ಆ "ರೋಡ್ ಅಗಲ ಮಾಡ್ತಾರಾ" ಅನ್ನೋ ಪ್ರಶ್ನೆ. ನನಗೂ ಹಳೇ ಪೇಟೆ ಕಡೆ ಅದನ್ನೇ ಎಷ್ಟು ಜನ ಕೇಳಿದಾರೋ ಲೆಕ್ಕ ಇಲ್ಲ. ಕೇಳೋರಿಗೆ ನಿಮ್ಮನ್ನ ಗೇಲಿ ಮಾಡೋ ಉದ್ದೇಶ ಇರಲ್ಲ ರೀ, ಅವರಿಗೆ ನಿಜವಾಗ್ಲೂ ಭಯ ಇರುತ್ತೆ, ಅಪ್ಪನ ಕಾಲದ ಅಂಗಡಿ ಇರುತ್ತೆ, ಮುಂದಿನ ಹತ್ತಡಿ ಹೋಗ್ಬಿಟ್ರೆ ಅಂತ. ಪುಸ್ತಕ ಹಿಡ್ಕೊಂಡು ಕಟ್ಟಡ ನೋಡಿ ನೋಡಿ ಏನೋ ಗುರುತು ಹಾಕ್ತಿರೋ ಮನುಷ್ಯ ಅಂದ್ರೆ ಅವರ ಲೆಕ್ಕದಲ್ಲಿ ಪಾಲಿಕೆಯವನೇ. ಆಗ "ಇಲ್ಲ ಯಜಮಾನ್ರೇ, ಚಿತ್ರ ಬಿಡಿಸ್ತಿದೀನಿ ನೋಡಿ" ಅಂತ ಬುಕ್ ಅವರ ಕಡೆ ತಿರುಗಿಸಿ ತೋರಿಸ್ಬಿಡಿ, ಗೀಟು ನಾಲ್ಕೇ ಇರ್ಲಿ ಪರವಾಗಿಲ್ಲ. ಅವರ ಮುಖ ಸಡಿಲ ಆಗೋದು ಕಾಣುತ್ತೆ. ಆಮೇಲೆ ಬಹಳಷ್ಟು ಸಲ ಅವರೇ ಶುರು ಮಾಡ್ತಾರೆ, ಈ ಬಿಲ್ಡಿಂಗ್ ನಮ್ಮ ತಾತ ಕಟ್ಟಿಸಿದ್ದು, ಈ ಕಂಬದ ಮರ ಇಂಥ ಕಡೆಯಿಂದ ತರಿಸಿದ್ದು, ಮೇಲಿನ ಕಿಟಕಿ ಮೊದ್ಲು ಹಿಂಗಿರ್ಲಿಲ್ಲ ಅಂತ, ನೀವು ಆ ಕಿಟಕಿ ಕಡೆ ಇನ್ನೊಂದು ಸಲ ನೋಡೋ ಹಂಗಾಗುತ್ತೆ.

ಈಗ ನಾಚಿಕೆ ವಿಷಯ. ಎಲ್ರೂ ನನ್ನನ್ನೇ ನೋಡ್ತಿದಾರೆ ಅನ್ನೋ ಭಾವನೆ ಇದೆಯಲ್ಲ, ಅದನ್ನ ಅಮೆರಿಕದ ಕಾರ್ನೆಲ್ ಯೂನಿವರ್ಸಿಟಿಯವರು ಪರೀಕ್ಷೆ ಮಾಡಿ ನೋಡಿ 2000ದಲ್ಲಿ ಪ್ರಕಟಿಸಿದ್ರು. ವಿದ್ಯಾರ್ಥಿಗಳಿಗೆ ಮುಜುಗರ ಆಗುವಂಥ ಚಿತ್ರ ಇರೋ ಟೀ ಶರ್ಟ್ ಹಾಕ್ಸಿ ಜನ ಕೂತಿದ್ದ ರೂಮಿಗೆ ಕಳಿಸಿದ್ರು, ಆಮೇಲೆ ಎಷ್ಟು ಜನ ನಿನ್ನ ಶರ್ಟ್ ಗಮನಿಸಿರ್ಬಹುದು ಅಂತ ಕೇಳಿದ್ರೆ ಹತ್ರ ಹತ್ರ ಅರ್ಧ ಜನ ಅಂದ್ರಂತೆ, ನಿಜವಾಗಿ ಗಮನಿಸಿದ್ದು ಕಾಲು ಭಾಗಕ್ಕಿಂತ ಕಡಿಮೆ. ಇದನ್ನ ತಿಳ್ಕೊಂಡ್ರೆ ನಾಳೆನೇ ನಾಚಿಕೆ ಹೋಗುತ್ತೆ ಅಂತ ನಾನೇನೂ ಹೇಳಲ್ಲ, ತಲೆಗೆ ಗೊತ್ತಾದದ್ದು ಕೈಗೆ ಗೊತ್ತಾಗೋಕೆ ಬಹಳ ದಿನ ಬೇಕು. ಆದ್ರೆ ಸಂತೇಲಿ ಕೂತಾಗ ಸುತ್ತ ಹೋಗೋ ಹತ್ತು ಜನರನ್ನ ಒಂದ್ಸಲ ಎಣಿಸಿ ನೋಡಿ, ಎಷ್ಟು ಜನ ನಿಜವಾಗ್ಲೂ ನಿಮ್ಮ ಕಡೆ ತಿರುಗಿದ್ರು ಅಂತ.

ನನ್ನ ಅನುಭವದಲ್ಲಿ ನಾಚಿಕೆ ಹುಟ್ಟೋದು ಅಪರಿಚಿತರ ಮಧ್ಯೆ. ಹಂಗಾದ್ರೆ ದಿನಾ ಹೊಸ ಹೊಸ ಜಾಗಕ್ಕೆ ಹೋಗಿ ಧೈರ್ಯ ಬೆಳೆಸ್ಕೋತೀನಿ ಅನ್ನೋದು ಸುಮ್ನೆ ದಿನಾ ಹೊಸ ಅಪರಿಚಿತರನ್ನ ಹುಡುಕ್ಕೊಂಡು ಹೋದಂಗೆ ಆಯ್ತಲ್ವಾ. ಒಂದೇ ಜಾಗಕ್ಕೆ ಹೋಗಿ. ಮತ್ತೆ ಮತ್ತೆ ಅದೇ ಜಾಗಕ್ಕೇ ಹೋಗಿ.

ನಾನು ಕೆಲಸಕ್ಕೆ ಸೇರಿದ ಹೊಸದ್ರಲ್ಲಿ ಮಕ್ಕಳ ಮುಂದೆ ಬೋರ್ಡ್ ಮೇಲೆ ಏನ್ ಬೇಕಾದ್ರೂ ಬಿಡಿಸ್ತಿದ್ದೆ, ಹೊರಗಡೆ ಬುಕ್ ತೆಗೆಯೋಕೆ ಆಗ್ತಿರ್ಲಿಲ್ಲ, ಎದೆ ಡವಡವ ಅಂತಿತ್ತು. ನಮ್ಮ ಮನೆ ತಿರುವಿನಲ್ಲಿ ಒಬ್ಬ ಅಜ್ಜ ಸಾಯಂಕಾಲ ಮಂಡಕ್ಕಿ ಮೆಣಸಿನಕಾಯಿ ಮಾಡ್ತಿದ್ರು. ಅಲ್ಲೊಂದು ಪ್ಲೇಟ್ ತಗೊಂಡು ಬೆಂಚಲ್ಲಿ ಕೂತು ತಿಂದು ಮುಗಿಸೋವರೆಗೆ ಮಾತ್ರ ಬಿಡಿಸೋದು ಅಂತ ನನಗೆ ನಾನೇ ನಿಯಮ ಹಾಕ್ಕೊಂಡೆ. ಐದು ನಿಮಿಷ, ಹತ್ತು ನಿಮಿಷ. ಮೊದಲ ವಾರ ಬರೀ ಮಂಡಕ್ಕಿ ರಾಶಿ, ಎರಡನೇ ವಾರ ಬಾಂಡ್ಲಿ, ಆಮೇಲೆ ಅಜ್ಜನ ಕೈ, ಕಡ್ಲೆಹಿಟ್ಟಲ್ಲಿ ಮೆಣಸಿನಕಾಯಿ ಅದ್ದಿ ಎಣ್ಣೆಗೆ ಬಿಡೋ ಆ ಎರಡು ಬೆರಳು. ಎರಡು ತಿಂಗಳಾಗೋ ಹೊತ್ತಿಗೆ ಅಜ್ಜ "ಟೀಚರಮ್ಮ ಬಂದ್ರು, ಸ್ಟೂಲ್ ಹಾಕಪ್ಪ" ಅಂತ ಮೊಮ್ಮಗನಿಗೆ ಹೇಳೋರು. ಹೊಸ ಗಿರಾಕಿ ಯಾರಾದ್ರೂ ನನ್ನ ಬುಕ್ ಕಡೆ ಇಣುಕಿದ್ರೆ ಅವರೇ ಉತ್ತರ ಕೊಡೋರು, "ಅವರು ಹಂಗೇ, ಬರಿತಾರೆ". ಒಂದು ವರ್ಷ ಪೂರ್ತಿ ಆ ಒಂದೇ ಅಂಗಡಿ. ಒಮ್ಮೆ ಜ್ವರ ಬಂದು ಎರಡು ವಾರ ಹೋಗ್ಲಿಲ್ಲ, ಆಮೇಲೆ ಹೋದ್ರೆ ಅಜ್ಜ ಮೊದ್ಲು ಕೇಳಿದ್ದು "ಬುಕ್ ಎಲ್ಲೈತಿ?" ಅಂತ. ಆ ಮಾತು ನೆನೆಸ್ಕೊಂಡ್ರೆ ಈಗ್ಲೂ ನನಗೆ ಗಂಟಲು ಕಟ್ಟುತ್ತೆ. ನಾಚಿಕೆ ಯಾವತ್ತು ಹೋಯ್ತು ಅಂತ ತಾರೀಕು ಹೇಳೋಕಾಗಲ್ಲ, ಆ ಬೆಂಚ್ ನನ್ನ ಜಾಗ ಆದ್ಮೇಲೆ ಅದರ ನೆನಪೇ ಬರ್ಲಿಲ್ಲ.

ಅದಕ್ಕೂ ಮುಂಚೆ ಒಂದು ಹೆಜ್ಜೆ ಬೇಕು ಅನ್ಸಿದ್ರೆ ಮನೆ ಕಿಟಕಿ ಇದೆ. ಮೈಸೂರಲ್ಲಿ 1921ರಲ್ಲಿ ಹುಟ್ಟಿದ ವ್ಯಂಗ್ಯಚಿತ್ರಕಾರ ಆರ್.ಕೆ. ಲಕ್ಷ್ಮಣ್ ಹುಡುಗರಾಗಿದ್ದಾಗ ಬಿಡಿಸಿದ್ದು ರೂಮಿನ ಕಿಟಕಿಯಿಂದ ಕಾಣೋದನ್ನ, ಸೌದೆ ಒಡೆಯೋ ಆಳು, ಒಣಗಿದ ಕಡ್ಡಿ, ಎದುರು ಮನೆ ಚಾವಣಿ ಮೇಲಿನ ಕಾಗೆಗಳು. ಆಮೇಲೆ ಮುಂಬೈನ ಜೆ.ಜೆ. ಕಲಾಶಾಲೆಗೆ ಅರ್ಜಿ ಹಾಕಿದ್ರೆ ಸೇರಿಸ್ಕೊಳ್ಳೋವಷ್ಟು ಪ್ರತಿಭೆ ಕಾಣ್ತಿಲ್ಲ ಅಂತ ತಿರಸ್ಕಾರ ಆಯ್ತು. ಕಾಗೆ ಮಾತ್ರ ಅವರು ಕಡೇತನಕ ಬಿಡ್ಲಿಲ್ಲ. ನೀವು ಎಲ್ಲೂ ಕಲ್ತಿಲ್ಲ ಅಂತ ಬರೆದಿದೀರಲ್ಲ ಅದಕ್ಕೆ ಇದನ್ನ ಹೇಳಿದೆ. ಫೋಟೋ ನೋಡಿ ಬಿಡಿಸೋದು ತಪ್ಪೇನಲ್ಲ, ಆದ್ರೆ ಫೋಟೋ ಆಗ್ಲೇ ಎಲ್ಲ ಚಪ್ಪಟೆ ಮಾಡಿ ಕೊಟ್ಬಿಟ್ಟಿರುತ್ತೆ, ಯಾವುದು ಮುಂದೆ ಯಾವುದು ಹಿಂದೆ ಅಂತ ನಿಮ್ಮ ಕಣ್ಣು ಕಷ್ಟ ಪಡಲ್ಲ. ಕಿಟಕಿಯಾಚೆ ಎದುರು ಮನೆ ನೀರಿನ ಟ್ಯಾಂಕ್ ಬಿಡಿಸಿ ನೋಡಿ, ಎಷ್ಟು ವ್ಯತ್ಯಾಸ ಅಂತ ಒಂದೇ ದಿನಕ್ಕೆ ಗೊತ್ತಾಗುತ್ತೆ.

ಜಾಗ ಆರಿಸುವಾಗ ಬೆನ್ನಿಗೆ ಗೋಡೆ ಇರ್ಬೇಕು, ಇದೊಂದು ಮಾಡಿದ್ರೆ ಅರ್ಧ ಸಂಕಟ ಕಮ್ಮಿ, ಯಾಕಂದ್ರೆ ಎದುರಿಂದ ನೋಡೋರಿಗೆ ನೀವು ಏನೋ ಬರ್ಕೊಳ್ತಿರೋ ಮನುಷ್ಯ ಅಷ್ಟೇ, ಹಿಂದಿಂದ ನೋಡೋರೇ ನಮ್ಮ ಕೈ ನಡುಗಿಸೋದು. ನಮ್ಮೂರಲ್ಲಿ ಇದಕ್ಕೆ ಬೆಣ್ಣೆ ದೋಸೆ ಹೋಟೆಲ್‌ಗಿಂತ ಒಳ್ಳೆ ಜಾಗ ನನಗೆ ಗೊತ್ತಿಲ್ಲ. ಕಾವಲಿ ಕಾಣೋ ಹಂಗೆ ಮೂಲೆ ಟೇಬಲ್ ಹಿಡೀರಿ, ಬೆಳಿಗ್ಗೆ ರಶ್ ಹೊತ್ತಲ್ಲಿ ಬೇಡ, ಟೇಬಲ್ ಕಾಯೋರಿಗೆ ತೊಂದ್ರೆ, ಹನ್ನೊಂದರ ಮೇಲೆ ಹೋಗಿ. ದೋಸೆ ಭಟ್ರು ನೀರು ಚಿಮುಕಿಸ್ತಾರೆ, ಪೊರಕೆಯಿಂದ ಒರೆಸ್ತಾರೆ, ಹಿಟ್ಟು ಹುಯ್ದು ತಿರುಗಿಸ್ತಾರೆ, ಬೆಣ್ಣೆ ಹಾಕ್ತಾರೆ, ಎತ್ತುತಾರೆ, ಮತ್ತೆ ನೀರು. ಅಂದ್ರೆ ಅವರು ಅಲ್ಲಾಡ್ತಾನೇ ಇದ್ರೂ ಅದೇ ನಾಲ್ಕೈದು ಭಂಗಿಗೆ ಎರಡು ಮೂರು ನಿಮಿಷಕ್ಕೊಂದ್ಸಲ ವಾಪಸ್ ಬರ್ತಾರೆ. ಪುಟದಲ್ಲಿ ನಾಲ್ಕು ಚಿಕ್ಕ ಚಿಕ್ಕ ಭಟ್ರನ್ನ ಒಟ್ಟಿಗೆ ಶುರು ಮಾಡಿ, ಹಿಟ್ಟು ಹುಯ್ಯುವಾಗ ಮೊದಲನೇದಕ್ಕೆ ಎರಡು ಗೀಟು, ಒರೆಸುವಾಗ ಎರಡನೇದಕ್ಕೆ ಎರಡು ಗೀಟು, ಹಿಂಗೆ ಸುತ್ತು ಹೊಡಿತಾ ಹೋದ್ರೆ ಹತ್ತು ದೋಸೆ ಆಗೋದ್ರಲ್ಲಿ ನಾಲ್ಕೂ ನಿಲ್ಲುತ್ವೆ. ಕೆಲಸ ಮಾಡೋ ಮನುಷ್ಯ ತನ್ನ ಕೈ ನೋಡ್ತಿರ್ತಾನೆ, ನಿಮ್ಮನ್ನ ನೋಡಲ್ಲ, ನಾಚಿಕೆ ಸ್ವಭಾವದವರಿಗೆ ಇದು ದೊಡ್ಡ ಅನುಕೂಲ. ಟೈಲರ್, ಚಪ್ಪಲಿ ಹೊಲಿಯೋರು, ಹೂ ಕಟ್ಟೋರು, ಮಂಡಕ್ಕಿ ಭಟ್ಟೀಲಿ ಹುರಿಯೋರು ಎಲ್ಲ ಹಂಗೇ.

ಹೆಂಗಸರ ವಿಷಯ ಕೇಳಿದೀರಿ, ಕೇಳಿದ್ದು ಒಳ್ಳೇದಾಯ್ತು. ಕೆಲವರು ಇದನ್ನ ಯೋಚನೆನೇ ಮಾಡಲ್ಲ. ಗುರುತು ಪರಿಚಯ ಇಲ್ಲದ ಹೆಣ್ಮಗಳನ್ನ ಹತ್ತು ನಿಮಿಷ ದಿಟ್ಟಿಸಿದ್ರೆ ಅವಳಿಗೆ ಹಿಂಸೆ ಆಗುತ್ತೆ, ನಿಮ್ಮ ಕೈಲಿ ಪೆನ್ನಿದೆಯೋ ಇಲ್ವೋ ಅವಳಿಗೆ ಅದು ಮುಖ್ಯ ಅಲ್ಲ. ದೂರದಿಂದ, ಬೆನ್ನ ಕಡೆಯಿಂದ, ಗುಂಪಿನ ಭಾಗವಾಗಿ ಬಿಡಿಸಿ, ಮುಖಕ್ಕೆ ಹೋಗ್ಬೇಡಿ. ಯಾರಾದ್ರೂ ನಿಮ್ಮ ನೋಟ ಗಮನಿಸಿ ಸೆರಗು ಸರಿಮಾಡ್ಕೊಂಡ್ರೆ ಅಥವಾ ಜಾಗ ಬದಲಿಸಿದ್ರೆ ತಕ್ಷಣ ಬೇರೆ ಕಡೆ ತಿರುಗಿ, ಆ ಚಿತ್ರ ಅರ್ಧಕ್ಕೇ ನಿಲ್ಲಲಿ. ಮೊದಲ ಆರು ತಿಂಗಳು ಕಟ್ಟಡ, ಮರ, ನಿಂತಿರೋ ಸೈಕಲ್ಲು, ಗಾಡಿ ಮೇಲಿನ ತರಕಾರಿ, ಇವೇ ಸಾಕಷ್ಟಿವೆ.

ಪರ್ಮಿಷನ್ ಬಗ್ಗೆ, ಕಟ್ಟಡದ ಚಿತ್ರ ಬಿಡಿಸೋದು ಕೃತಿಸ್ವಾಮ್ಯದ, ಅಂದ್ರೆ ಕಾಪಿರೈಟ್‌ನ, ಉಲ್ಲಂಘನೆ ಅಲ್ಲ ಅಂತ 1957ರ ಕಾಪಿರೈಟ್ ಕಾಯ್ದೆಯ 52ನೇ ಸೆಕ್ಷನ್ನೇ ಹೇಳುತ್ತೆ. ಎಚ್ಚರ ಬೇಕಾಗಿರೋದು ಸೇನೆ, ರಕ್ಷಣೆಗೆ ಸಂಬಂಧಪಟ್ಟ ನಿಷೇಧಿತ ಜಾಗಗಳಲ್ಲಿ, 1923ರ ಅಧಿಕೃತ ರಹಸ್ಯಗಳ ಕಾಯ್ದೆ ಅಂಥ ಕಡೆ ಸ್ಕೆಚ್ ಮಾಡೋದನ್ನೂ ಹೆಸರಿಸಿಯೇ ಸೇರಿಸಿದೆ. ಮಾರ್ಕೆಟ್ಟು, ಪಾರ್ಕು, ಗಾಜಿನ ಮನೆ, ಕುಂದವಾಡ ಕೆರೆ ಏರಿ, ಇಲ್ಲೆಲ್ಲ ಯಾರಾದ್ರೂ ಕೇಳಿದ್ರೆ ಬುಕ್ ತೋರಿಸಿದ್ರೆ ಸಾಕು. ನಮ್ಮೂರಲ್ಲಿ ದೃಶ್ಯಕಲಾ ಮಹಾವಿದ್ಯಾಲಯ ಇರೋದ್ರಿಂದ ಪ್ಯಾಡ್ ಹಿಡ್ಕೊಂಡು ಕೂತ ಹುಡುಗರು ಈ ಊರಿಗೆ ಹೊಸಬರೇನಲ್ಲ, ಬಹಳ ಜನ "ಆರ್ಟ್ಸ್ ಕಾಲೇಜಿನವ್ರಾ" ಅಂತ ಕೇಳಿ ಮುಂದೆ ಹೋಗ್ತಾರೆ. ಡಿಕ್ಕೀಲಿರೋ ಬುಕ್ ತೆಗೀರಿ, ಮಳೆಗೆ ನೆಂದಿದ್ಯೋ ಏನೋ ನೋಡಿ.

ಪ್ರಶ್ನೆ: ಅಕ್ಕಾ, ನಾನು ಚಿತ್ರದುರ್ಗ, ಡಿಗ್ರಿ ಕೊನೇ ವರ್ಷ. ಕೋಟೆ ನಮ್ಮ ಮನೆಯಿಂದ ನಡೆದು ಹೋಗೋವಷ್ಟು ಹತ್ರ, ಆದ್ರೆ ಒಬ್ಳೇ ಹೋಗಿ ಕೂತ್ರೆ ಹುಡುಗರು ಸುತ್ತ ಸೇರ್ತಾರೆ, ಕಾಮೆಂಟ್ ಹೊಡಿತಾರೆ. ಅಮ್ಮ ಬೇಡ್ವೇ ಬೇಡ ಅಂತಾಳೆ. ಇನ್ನೊಂದು, ನಾನು ಬಂಡೆ ಬಿಡಿಸಿದ್ರೆ ಎಲ್ಲಾ ಆಲೂಗಡ್ಡೆ ತರ ಕಾಣುತ್ವೆ, ಭಾರಾನೇ ಬರಲ್ಲ. ಏನು ತಪ್ಪು ಮಾಡ್ತಿದೀನಿ?

ಉತ್ತರ: ಪುಟ್ಟೀ, ಅಮ್ಮ ಹೇಳಿದ್ರಲ್ಲಿ ನ್ಯಾಯ ಇದೆ, ನಾನೂ ಅದನ್ನೇ ಹೇಳ್ತಿದ್ದೆ. ಅದಕ್ಕೆ ಕೋಟೆ ಬಿಡೋದು ಬೇಡ, ಒಬ್ಳೇ ಹೋಗೋದು ಬಿಡು. ಚಿತ್ರ ಬಿಡಿಸೋಳೇ ಜೊತೆಗೆ ಬೇಕು ಅಂತೇನಿಲ್ಲ, ಎಕ್ಸಾಮ್‌ಗೆ ಓದ್ಕೊಳ್ಳೋ ಗೆಳತಿ ಆದ್ರೂ ಆಯ್ತು, ಅವಳು ನಿನ್ನ ಪಕ್ಕ ಗೋಡೆಗೆ ಒರಗಿ ಓದ್ತಾ ಇರ್ಲಿ. ಒಮ್ಮೆ ಅಮ್ಮನ್ನೇ ಕರ್ಕೊಂಡು ಹೋಗು, ಎಲ್ಲಿ ಕೂರ್ತೀಯ ಅಂತ ಕಣ್ಣಾರೆ ನೋಡಿದ್ರೆ ಅವರಿಗೂ ಸಮಾಧಾನ. ಚಂದ್ರವಳ್ಳಿ, ಜೋಗಿಮಟ್ಟಿ ಕಡೆ ಗುಂಪಿಲ್ಲದೆ ಹೋಗ್ಲೇಬೇಡ.

ಕೋಟೆ ಒಳಗೆ ನಾನು ಕಂಡ್ಕೊಂಡಿರೋ ಒಂದು ಉಪಾಯ ಹೇಳ್ತೀನಿ. ಒನಕೆ ಓಬವ್ವನ ಕಿಂಡಿ ಹತ್ರ ಗೈಡ್‌ಗಳು ಟೂರಿಸ್ಟ್‌ಗಳನ್ನ ನಿಲ್ಸಿ ಕಥೆ ಹೇಳ್ತಾರೆ, ಹೈದರಾಲಿ ಸೈನಿಕರು ಒಬ್ಬೊಬ್ಬರೇ ತೂರಿ ಬಂದದ್ದು, ಗಂಡ ಊಟಕ್ಕೆ ಹೋಗಿದ್ದಾಗ ಅವ್ವ ಒನಕೆ ಎತ್ತಿದ್ದು. ಆ ಕಥೆ ನಡೆಯುವಾಗ ಇಡೀ ಗುಂಪು ಕಿಂಡಿ ಕಡೆ ಮುಖ ಮಾಡಿ ಬಾಯಿ ತೆಗೆದು ನಿಂತಿರುತ್ತೆ, ಒಬ್ರೂ ಹಿಂದೆ ತಿರುಗಲ್ಲ. ನೀನು ಅವರ ಹಿಂದೆ ಕೂರು. ಬ್ಯಾಗು, ಟೋಪಿ, ಅಪ್ಪನ ಹೆಗಲ ಮೇಲಿನ ಮಗು, ಮೊಬೈಲ್ ಎತ್ತಿರೋ ಕೈಗಳು, ಆಚೆ ಬಂಡೆ. ಒಂದು ಗುಂಪು ಹೋದ್ರೆ ಇನ್ನೊಂದು ಬರುತ್ತೆ, ಅದೇ ಜಾಗದಲ್ಲಿ ಅದೇ ತರ ನಿಲ್ಲುತ್ತೆ. ಜನ ಇರೋದ್ರಿಂದ ನಿನಗೂ ಸೇಫ್. ಹುಡುಗರು ಬಂದು ಕೀಟಲೆ ಮಾಡಿದ್ರೆ ಉತ್ತರ ಕೊಡ್ಬೇಡ, ಬುಕ್ ಮುಚ್ಚಿ ಎದ್ದು ಗೈಡ್ ಅಥವಾ ಸೆಕ್ಯೂರಿಟಿ ಅಣ್ಣನ ಹತ್ರ ಹೋಗಿ ನಿಂತ್ಕೋ, ಎದ್ದು ಬಂದ್ರೆ ಸೋತಂಗೆ ಅಂತ ಅನ್ಕೋಬೇಡ, ಆ ಚಿತ್ರ ನಾಳೆನೂ ಅಲ್ಲೇ ಇರುತ್ತೆ. ಕೋತಿಗಳಿಗೆ ತಿಂಡಿ ಕವರ್ ಕಾಣಿಸ್ಬೇಡ, ಬ್ಯಾಗ್ ಜಿಪ್ ಹಾಕಿ ಕಾಲಡಿ ಇಟ್ಕೋ.

ಈಗ ಆಲೂಗಡ್ಡೆಗೆ ಬರೋಣ, ಈ ಪ್ರಶ್ನೆ ಓದಿ ನನಗೆ ಬಹಳ ಖುಷಿಯಾಯ್ತು, ಯಾಕಂದ್ರೆ ದುರ್ಗದ ಬಂಡೆ ಬಿಡಿಸೋಕೆ ಹೋದವರೆಲ್ಲ ಎಡವೋದೇ ಇಲ್ಲಿ. ಆ ಬಂಡೆ ಹೆಂಗೆ ದುಂಡಗಾಯ್ತು ಅಂತ ಗೊತ್ತಾದ್ರೆ ಬಿಡಿಸೋದು ಹೆಂಗೆ ಅಂತಾನೂ ಗೊತ್ತಾಗುತ್ತೆ. ಅದು ಗ್ರಾನೈಟ್ ಜಾತಿ ಕಲ್ಲು, ಮೊದಲು ಒಂದೇ ದೊಡ್ಡ ಗುಡ್ಡ, ಅದರಲ್ಲಿ ಉದ್ದುದ್ದ ಅಡ್ಡಡ್ಡ ಬಿರುಕು ಬಿಟ್ಟು ಪೆಟ್ಟಿಗೆ ಪೆಟ್ಟಿಗೆ ಜೋಡ್ಸಿಟ್ಟಂಗೆ ಆಗುತ್ತೆ. ಬಿರುಕಲ್ಲಿ ಮಳೆನೀರು ಇಳಿದು ಕಲ್ಲನ್ನ ನಿಧಾನವಾಗಿ ಸಡಿಲ ಮಾಡುತ್ತೆ. ಪೆಟ್ಟಿಗೆ ಮೈಗೆ ನೀರು ಒಂದು ಕಡೆಯಿಂದ ತಾಗಿದ್ರೆ ಅಂಚಿಗೆ ಎರಡು ಕಡೆಯಿಂದ, ಮೂಲೆಗೆ ಮೂರು ಕಡೆಯಿಂದ ತಾಗುತ್ತೆ, ಅದಕ್ಕೆ ಮೂಲೆ ಮೊದ್ಲು ಸವೆಯುತ್ತೆ, ಲಕ್ಷಾಂತರ ವರ್ಷಕ್ಕೆ ಪೆಟ್ಟಿಗೆ ಉಂಡೆ ಆಗುತ್ತೆ. ಅಂದ್ರೆ ನೀನು ನೋಡ್ತಿರೋ ಪ್ರತಿ ದುಂಡು ಬಂಡೆ ಒಳಗೂ ಒಂದು ಪೆಟ್ಟಿಗೆ ಇದೆ. ಮೊದ್ಲು ತೆಳ್ಳಗೆ ಆ ಪೆಟ್ಟಿಗೆ ಬಿಡಿಸು, ಮೇಲ್ಮೈ, ಎಡಮೈ, ಬಲಮೈ. ಆಮೇಲೆ ಮಳೆ ಮಾಡಿದ ಕೆಲಸ ನೀನು ಮಾಡು, ಮೂಲೆ ಸವೆಸು. ನೀನು ಈಗ ಮಾಡ್ತಿರೋದು ಹೊರಗಿನ ಗೀಟು ಒಂದೇ ಸುತ್ತು ಎಳೆದು ಒಳಗೆ ಶೇಡ್ ತುಂಬೋದು, ಅದಕ್ಕೆ ಅದು ತರಕಾರಿ ತರ ಹಗುರ ಆಗಿದೆ.

ಭಾರ ಬರೋದು ಕೆಳಗಿಂದ. ಬಂಡೆ ನೆಲಕ್ಕೆ ಅಥವಾ ಇನ್ನೊಂದು ಬಂಡೆಗೆ ತಾಗೋ ಜಾಗ ಎಷ್ಟು ಸಣ್ಣದು ನೋಡು, ಅಲ್ಲಿರೋ ಕತ್ತಲೆ ಇಡೀ ಚಿತ್ರದಲ್ಲೇ ಅತಿ ಕಪ್ಪು. ಆ ಸಂದಿ ಕಪ್ಪು ಮಾಡಿದ ಕೂಡ್ಲೇ ಬಂಡೆ ಕೂತ್ಕೊಳ್ಳುತ್ತೆ. ಎರಡು ಬಂಡೆ ಮಧ್ಯದ ಸಂದಿಯ ಆಕಾರಾನ ಮೊದ್ಲು ಬಿಡಿಸಿದ್ರೆ ಬಂಡೆಗಳು ತಾವಾಗೇ ಅರ್ಧ ಬಂದುಬಿಟ್ಟಿರುತ್ವೆ. ಬೆಳಕು ಬೆಳಿಗ್ಗೆ ಒಂಬತ್ತರೊಳಗೆ ಚೆನ್ನಾಗಿರುತ್ತೆ, ಇಲ್ಲಾಂದ್ರೆ ನಾಲ್ಕರ ಮೇಲೆ, ಮಧ್ಯಾಹ್ನ ಎಲ್ಲ ಬೆಳ್ಳಗೆ ಚಪ್ಪಟೆ, ಕಣ್ಣೂ ನೋಯುತ್ತೆ. ಮಳೆನೀರು ಇಳಿದ ಕಡೆ ಕಪ್ಪು ಪಟ್ಟೆ ಇರುತ್ವಲ್ಲ, ಅವು ಬಂಡೆ ಮೈಯನ್ನ ಅನುಸರಿಸಿ ಬಾಗಿ ಇಳಿಯುತ್ವೆ, ಅಂಥವು ಎರಡು ಎಳೆದ್ರೆ ದುಂಡು ಶೇಡಿಲ್ಲದೇ ಬರುತ್ತೆ. ಒಂದು ಮೂಲೇಲಿ ಬೆರಳುಗುರಿನಷ್ಟು ಮನುಷ್ಯನ್ನ ಇಡು, ಆಗ ಗುಡ್ಡ ಎಷ್ಟು ದೊಡ್ಡದು ಅಂತ ತಿಳಿಯುತ್ತೆ. ಕೋಟೆ ಗೋಡೆ ಬಿಡಿಸುವಾಗ ಪ್ರತಿ ಕಲ್ಲೂ ಬಿಡಿಸೋಕೆ ಹೋಗ್ಬೇಡ, ಗಾರೆಯಿಲ್ಲದೆ ಕಲ್ಲಿಗೆ ಕಲ್ಲು ಕೂರಿಸಿರೋ ಆ ಸೊಗಸು ಹತ್ತು ಕಲ್ಲು ಸರಿಯಾಗಿ ನೋಡಿ ಬಿಡಿಸಿದ್ರೆ ಬರುತ್ತೆ, ಉಳಿದದ್ದು ಖಾಲಿ ಬಿಡು.

ನಿಮ್ಮ ಜಿಲ್ಲೆಯವರೇ ಆದ ಪಿ.ಆರ್. ತಿಪ್ಪೇಸ್ವಾಮಿ ಅವರ ಜಲವರ್ಣ ಚಿತ್ರಗಳನ್ನ ಎಲ್ಲಾದ್ರೂ ಸಿಕ್ಕಿದ್ರೆ ನೋಡು. ಮೈಸೂರು ವಿಶ್ವವಿದ್ಯಾಲಯದ ಜಾನಪದ ವಸ್ತುಸಂಗ್ರಹಾಲಯ ಕಟ್ಟೋದ್ರಲ್ಲಿ ದುಡಿದವರು ಅವರು.

ಪ್ರಶ್ನೆ: ನಾನು ನಿವೃತ್ತ ನೌಕರ, ವಯಸ್ಸು 63, ದಾವಣಗೆರೆ. ಎರಡು ವರ್ಷದಿಂದ ಸ್ಕೆಚ್ ಅಭ್ಯಾಸ. ಹೋದ ತಿಂಗಳು ದೇವಸ್ಥಾನದ ಹತ್ರ ಹೂ ಮಾರೋ ಒಬ್ಬ ಹೆಣ್ಮಗಳ ಚಿತ್ರ ಬಿಡಿಸ್ತಿದ್ದೆ, ಆಕೆ ನೋಡಿ ಬಹಳ ಸಿಟ್ಟಾದ್ಲು, "ಯಾರನ್ ಕೇಳಿ ಬರಿತಿದೀಯ" ಅಂತ ಎಲ್ಲರೆದುರು ಬೈದ್ಲು. ನನ್ನ ಮನಸ್ಸಲ್ಲಿ ಯಾವ ಕೆಟ್ಟದ್ದೂ ಇರ್ಲಿಲ್ಲ. ಅವತ್ತಿಂದ ಆ ದೇವಸ್ಥಾನಕ್ಕೇ ಹೋಗಿಲ್ಲ. ನನ್ನದು ತಪ್ಪಾ?

ಉತ್ತರ: ಹಿರಿಯರೇ, ನಿಮ್ಮ ಮನಸ್ಸಲ್ಲಿ ಕೆಟ್ಟದ್ದಿರ್ಲಿಲ್ಲ ಅನ್ನೋದು ಪತ್ರ ಓದಿದ್ರೇ ತಿಳಿಯುತ್ತೆ. ಆದ್ರೂ ಆಕೆ ಕೇಳಿದ ಪ್ರಶ್ನೆ ಸರಿಯಾದದ್ದೇ ಅಂತ ನನಗನ್ಸುತ್ತೆ. ದಿನಪೂರ್ತಿ ಬೀದೀಲಿ ಕೂತು ದುಡಿಯೋ ಹೆಂಗಸು, ಎಷ್ಟು ಜನರ ಕಣ್ಣು ತಡ್ಕೊಂಡಿರ್ತಾಳೆ, ಆಮೇಲೆ ಈಗ ಯಾರು ಏನು ತೆಗೆದು ಮೊಬೈಲಲ್ಲಿ ಎಲ್ಲಿ ಹಾಕ್ತಾರೋ ಅನ್ನೋ ಭಯ ಬೇರೆ. ನಿಮ್ಮ ಪೆನ್ಸಿಲ್‌ಗೂ ಅವರ ಮೊಬೈಲ್‌ಗೂ ಇರೋ ವ್ಯತ್ಯಾಸ ಆಕೆಗೆ ಹೆಂಗೆ ಗೊತ್ತಾಗ್ಬೇಕು.

ಒಬ್ಬರನ್ನೇ ಹತ್ತಿರದಿಂದ, ಮುಖ ಗುರುತು ಸಿಗೋ ಹಂಗೆ ಬಿಡಿಸೋದಾದ್ರೆ ಮೊದ್ಲು ಕೇಳ್ಬೇಕು, ಇದು ನನ್ನ ಪದ್ಧತಿ. ಕೇಳಿದ್ರೆ ಸಹಜವಾಗಿ ಕೂರಲ್ಲ, ಫೋಟೋಗೆ ಕೂತಂಗೆ ಸೆಟೆದು ಕೂರ್ತಾರೆ ಅಂತ ಕೆಲವರು ವಾದ ಮಾಡ್ತಾರೆ, ನಿಜ, ಮೊದಲ ಐದು ನಿಮಿಷ ಹಂಗೇ ಕೂರ್ತಾರೆ, ಆಮೇಲೆ ಗಿರಾಕಿ ಬಂದ್ರೆ ಮಾಲೆ ಅಳೆಯೋದ್ರಲ್ಲಿ ಎಲ್ಲಾ ಮರೀತಾರೆ. ಮೊದ್ಲು ಎರಡು ಮೊಳ ಹೂ ತಗೊಳ್ಳಿ, ಮಾತಾಡಿ, ನಾಳೆ ಮತ್ತೆ ಹೋಗಿ ತಗೊಳ್ಳಿ, ಮೂರನೇ ದಿನ "ಅಮ್ಮಾ, ನಿಮ್ಮ ಹೂವಿನ ಬುಟ್ಟಿ ಚಿತ್ರ ಬಿಡಿಸ್ಲಾ" ಅಂತ ಕೇಳಿ. ಬುಟ್ಟಿಗೆ ಬಹಳಷ್ಟು ಜನ ಹೂಂ ಅಂತಾರೆ. ಮಕ್ಕಳದ್ದಾದ್ರೆ ಅಪ್ಪ ಅಮ್ಮನ್ನ ಕೇಳದೆ ಬೇಡ. ಬಿಡಿಸಿದ್ದನ್ನ ಫೇಸ್‌ಬುಕ್ಕಿಗೋ ಸ್ಟೇಟಸ್‌ಗೋ ಹಾಕೋದು ಬೇರೆ ಅನುಮತಿ, ಬಿಡಿಸೋಕೆ ಹೂಂ ಅಂದವರು ಅದಕ್ಕೂ ಹೂಂ ಅಂದಂಗೆ ಅಲ್ಲ.

ಸಿಟ್ಟಾದಾಗ ವಾದ ಮಾಡ್ದೇ "ತಪ್ಪಾಯ್ತಮ್ಮ" ಅಂದು ಆ ಪುಟ ಹರಿದು ಅವರ ಕೈಗೇ ಕೊಟ್ಬಿಡೋದು ಒಳ್ಳೇದು, ಪುಟ ಎಷ್ಟೇ ಚೆನ್ನಾಗಿ ಬಂದಿರ್ಲಿ. ನಾನು ಎರಡು ಸಲ ಹಂಗೆ ಕೊಟ್ಟಿದೀನಿ, ಒಬ್ಬಾಕೆ ನನ್ನೆದುರೇ ಹರಿದು ಹಾಕಿದ್ರು, ಇನ್ನೊಬ್ಬರು ಮಡಚಿ ದುಡ್ಡಿನ ಚೀಲದಲ್ಲಿ ಇಟ್ಕೊಂಡ್ರು. ನಿಮ್ಮ ಬುಕ್ಕಲ್ಲಿ ಆ ಪುಟ ಇನ್ನೂ ಇದ್ರೆ ತಗೊಂಡು ದೇವಸ್ಥಾನಕ್ಕೆ ಹೋಗಿ. ಮೊದ್ಲು ಹೂ ತಗೊಳ್ಳಿ, ದುಡ್ಡು ಕೊಡಿ, ಆಮೇಲೆ "ಅವತ್ತು ಕೇಳ್ದೆ ಬಿಡಿಸಿದ್ದು ತಪ್ಪಾಯ್ತು, ಇದು ನಿಮ್ಮದೇ" ಅಂತ ಕೊಟ್ಟು, ಉತ್ತರಕ್ಕೆ ಕಾಯದೆ ಒಳಗೆ ಹೋಗಿ ನಮಸ್ಕಾರ ಮಾಡಿ ಬನ್ನಿ. ಆಕೆ ಬೈದ್ರೂ ಬೈಲಿ. ದೇವಸ್ಥಾನ ಬಿಡ್ಬೇಡಿ.

ಪ್ರಶ್ನೆ: ಹೊರಗೆ ಬಿಡಿಸೋಕೆ ಯಾವ ಪೆನ್ನು, ಯಾವ ಬುಕ್ಕು ತಗೋಬೇಕು? ಜಾಸ್ತಿ ಖರ್ಚು ಮಾಡೋಕಾಗಲ್ಲ. ಹಿಂಗೆ ಗುಂಪಲ್ಲಿ ಹೋಗಿ ಬಿಡಿಸೋರು ಇದಾರಂತೆ ಹೌದಾ? (ಚಿತ್ರದುರ್ಗದಿಂದ)

ಉತ್ತರ: ಇದಾರೆ. 2007ರಲ್ಲಿ ಅಮೆರಿಕದ ಸಿಯಾಟಲ್‌ನಲ್ಲಿ ಗೇಬ್ರಿಯೆಲ್ ಕ್ಯಾಂಪನಾರಿಯೊ ಅನ್ನೋ ಪತ್ರಕರ್ತರು ಅರ್ಬನ್ ಸ್ಕೆಚರ್ಸ್ ಅಂತ ಶುರು ಮಾಡಿದ್ರು, ಈಗ ಪ್ರಪಂಚದ ತುಂಬಾ ಊರೂರಲ್ಲಿ ಅದರ ಗುಂಪುಗಳಿವೆ, ಬೆಂಗಳೂರಲ್ಲೂ ಇದೆ. ಅವರ ಮೊದಲ ನಿಯಮಾನೇ ಫೋಟೋ ನೋಡಿ ಬಿಡಿಸೋದಲ್ಲ, ಜಾಗದಲ್ಲೇ ಕೂತು ಕಣ್ಣಾರೆ ಕಂಡದ್ದನ್ನ ಬಿಡಿಸೋದು ಅಂತ. ಗುಂಪು ಹುಡುಕ್ಕೊಂಡು ಬೆಂಗಳೂರಿಗೆ ಹೋಗ್ಬೇಕಾಗಿಲ್ಲ, ಮೇಲೆ ಪತ್ರ ಬರೆದ ಹುಡುಗಿ ನಿಮ್ಮೂರಿನವಳೇ, ಅಂಥವರು ಇನ್ನೂ ಇಬ್ರು ಸಿಕ್ಕಿದ್ರೆ ಭಾನುವಾರ ಬೆಳಿಗ್ಗೆ ರಂಗಯ್ಯನ ಬಾಗಿಲ ಹತ್ರ ಕೂತ್ರೆ ಅದೇ ಗುಂಪು. ಮೂರು ಜನ ಒಟ್ಟಿಗೆ ಬುಕ್ ಹಿಡ್ಕೊಂಡ್ರೆ ಜನ ಅದನ್ನ ಕ್ಲಾಸ್ ಅನ್ಕೊಂಡು ಸುಮ್ನೆ ಹೋಗ್ತಾರೆ.

ಬುಕ್ಕು ಎ5 ತಗೊಳ್ಳಿ, 148ಕ್ಕೆ 210 ಮಿಲಿಮೀಟರ್, ಬಹಳ ನಾಚಿಕೆ ಇದ್ರೆ ಅದರ ಅರ್ಧ ಎ6, ಅಂಗೈಲಿ ಮುಚ್ಕೋಬಹುದು, ನೋಡೋರಿಗೆ ಲೆಕ್ಕದ ಪುಸ್ತಕ ಇದ್ದಂಗಿರುತ್ತೆ. ಗಟ್ಟಿ ರಟ್ಟು ಇರ್ಲಿ, ತೊಡೆ ಮೇಲೆ ಇಟ್ರೆ ಬಾಗ್ಬಾರ್ದು. ಪೇಪರ್ 130ರಿಂದ 150 ಜಿಎಸ್‌ಎಂ (ಒಂದು ಚದರ ಮೀಟರ್ ಕಾಗದದ ತೂಕ ಗ್ರಾಂನಲ್ಲಿ, ಜಾಸ್ತಿ ಇದ್ದಷ್ಟೂ ದಪ್ಪ) ಇದ್ರೆ ಸಾಕು, ನೀರು ಬಣ್ಣ ಜಾಸ್ತಿ ಹಾಕೋದಾದ್ರೆ ಮಾತ್ರ 300. ಪೆನ್ನು ಮೊದ್ಲು ಮನೇಲಿರೋ ಬಾಲ್ ಪೆನ್ನೇ ಆಗ್ಲಿ. ಪೆನ್ಸಿಲ್ ಹಿಡಿದ್ರೆ ರಬ್ಬರ್ ಹಿಡೀತೀರಿ, ರಬ್ಬರ್ ಹಿಡಿದ್ರೆ ಅರ್ಧ ಗಂಟೆ ಒಂದು ಕಂಬ ಅಳಿಸ್ತಾ ಕೂರ್ತೀರಿ, ಅಷ್ಟು ಹೊತ್ತು ಜನರ ಕಣ್ಣೆದುರು ಕೂರೋದೇ ಹೊಸಬರಿಗೆ ಕಷ್ಟ. ಪೆನ್ನಲ್ಲಿ ಗೀಟು ತಪ್ಪಾದ್ರೆ ಪಕ್ಕದಲ್ಲೇ ಇನ್ನೊಂದು ಗೀಟು ಎಳೀರಿ, ಎರಡೂ ಇರ್ಲಿ. ಮುಂದೆ ಬಣ್ಣ ಹಾಕ್ಬೇಕು ಅನ್ಸಿದ್ರೆ ನೀರಿಗೆ ಕರಗದ ಪಿಗ್ಮೆಂಟ್ ಇಂಕಿನ ಪೆನ್ ಒಂದು, 03 ನಂಬರಿಂದು, ಅಂದ್ರೆ ಗೀಟು ಸುಮಾರು 0.35 ಮಿಲಿಮೀಟರ್ ದಪ್ಪ. ಮಾಮೂಲಿ ಜೆಲ್ ಪೆನ್ ಮೇಲೆ ನೀರು ಬಿದ್ರೆ ಎಷ್ಟೋ ಸಲ ಹರಡ್ಬಿಡುತ್ತೆ, ಕೊನೇ ಪುಟದಲ್ಲಿ ಗೀಟು ಎಳೆದು ಒದ್ದೆ ಬೆರಳು ಸವರಿ ನೋಡಿ. ಪುಟದ ಮೂಲೇಲಿ ಜಾಗ, ತಾರೀಕು, ಹೊತ್ತು ಬರೀರಿ. ಮತ್ತೆ ಒಂದು ದೊಡ್ಡ ಪ್ಲಾಸ್ಟಿಕ್ ಕವರ್ ಬ್ಯಾಗಲ್ಲಿ ಯಾವಾಗ್ಲೂ ಇರ್ಲಿ, ಕಲ್ಲು ಬೆಳಿಗ್ಗೆ ಒದ್ದೆ ಇದ್ರೆ ಕೂರೋಕೆ ಆಗುತ್ತೆ, ಮಳೆ ಬಂದ್ರೆ ಬುಕ್ಕಿಗೆ ಸುತ್ತೋಕೆ ಆಗುತ್ತೆ.